ಪಬ್ ಬ್ಯಾಡ, ಆ ಟೇಬಲ್ ಬೇಕು

1/10
ಮೊದಲ ಹೇಳಿಬಿಡ್ತೀನಿ. ಹುನಗುಂದಕ್ಕ ಪಬ್ ಬರಬೇಕು ಅಂತ ನಾನು ಬರೀತಿಲ್ಲ. ಪಬ್ ಅಂದ್ರ ಪಾಪ ಅಂತ ಹೇಳಾಕೂ ಬರೀತಿಲ್ಲ. ಹೋದ ವಾರ ಹಾಕಿದ್ದ ಬೆಂಗಳೂರಿನ ಸ್ಟೋರಿ ನೋಡಿ "ಏನವಾ, ಬಿಯರ್ ಕುಡದ ಬಂದ್ಯಾ?" ಅಂತ ಭಾಳ ಮಂದಿ ಮೆಸೇಜ್ ಮಾಡೀರಿ. ಎಲ್ಲಾರಿಗೂ ಒಂದ ಉತ್ತರ: ಇಲ್ಲ. ನಂಗ ಇಪ್ಪತ್ತು. ಆದ್ರ ಒಂದ ಸಂಜ್ಯಾಗ ಮೂರು ಪಬ್ಬಿನ್ಯಾಗ ಕೂತು, ತಿಂದು, ಮೂಸಿ ನೋಡಿ, ಬಿಲ್ ಪೂರ್ತಿ ಓದಿ ಬಂದೀನಿ. ಬಿಕಾಂ ಓದಾಕತ್ತಮ್ಯಾಲ ಬಿಲ್ ಓದೂದು ಒಂದು ಚಟ ಆಗೈತಿ, ಅದಕ್ಕ ವಯಸ್ಸಿನ ಮಿತಿ ಇಲ್ಲ.

ಕುಡಿಯದವರು ಕುಡಿತದ ಬಗ್ಗೆ ಬರೀಬಾರದು ಅಂತೀರೇನು? ಹಂಗಾದ್ರ ಜಿ.ಪಿ. ರಾಜರತ್ನಂ 'ರತ್ನನ ಪದಗಳು' ಬರೀತಿರಲಿಲ್ಲ. ಹೆಂಡಗುಡುಕ ರತ್ನನ್ನ ಕಟ್ಟಿಕೊಟ್ಟ ಆ ಮೇಷ್ಟ್ರು ತಾವು ಕುಡೀತಿರಲಿಲ್ಲ.

2/10
ವಯಸ್ಸಿನ ಮಾತು ಬಂತು, ಇದನ್ನ ಸರಿಯಾಗಿ ತಿಳ್ಕೊಳ್ರಿ. ನಮ್ಮ ಕ್ಲಾಸಿನ್ಯಾಗ ಅರ್ಧ ಮಂದಿ "ಹದಿನೆಂಟು ಆದ್ರ ಸಾಕು" ಅಂತಾರ, ಇನ್ನರ್ಧ ಮಂದಿ "ಇಪ್ಪತ್ತೊಂದು" ಅಂತಾರ. ಇಬ್ಬರ ಮಾತಿಗೂ ಆಧಾರ ಐತಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ 18 ಎಂದಿದೆ. 1967ರ ಲೈಸೆನ್ಸ್ ನಿಯಮಗಳಲ್ಲಿ 21 ಎಂದಿದೆ. ಲೈಸೆನ್ಸ್ ಇಟ್ಟುಕೊಂಡವರು ನಿಯಮ ಪಾಲಿಸಬೇಕು, ಅದಕ್ಕ ಪಬ್ಬಿನ್ಯಾಗ 21. 2023ರ ಜನವರಿಯಲ್ಲಿ ಸರ್ಕಾರ ನಿಯಮದಲ್ಲೂ 18 ಮಾಡಲು ಕರಡು ಹೊರಡಿಸಿತು. ವಿರೋಧ ಬಂದ ಮೇಲೆ ಅದೇ ತಿಂಗಳು ವಾಪಸ್ ತಗೊಂಡಿತು.

ಅಂದ್ರ ನಮ್ಮ ಕ್ಲಾಸಿನ ಹೆಚ್ಚಿನವರಿಗೆ ಪಬ್ ಇನ್ನೂ ಒಂದು ವರ್ಷ ದೂರ ಐತಿ. ಆದ್ರ ಒಂದ ವರ್ಷ ಅಷ್ಟ. ಡಿಗ್ರಿ ಮುಗಿದ ಕೂಡಲೇ ನಮ್ಮಾಗ ಎಷ್ಟೋ ಮಂದಿ ಬೆಂಗಳೂರು, ಹುಬ್ಬಳ್ಳಿ, ಪುಣೆ ಅಂತ ಹೋಗವರು. ಅಲ್ಲಿ ಟೀಮ್ ಪಾರ್ಟಿ ಅಂತ ಕರಕೊಂಡು ಹೋಗೂದು ಇಂಥಾ ಜಾಗಕ್ಕ. ಅಲ್ಲಿ ಹೋಗಿ ಬೆಪ್ಪಾಗಿ ನಿಲ್ಲೂಕಿಂತ, ಏನು ನಡೀತೈತಿ ಅಂತ ಈಗ ತಿಳ್ಕೊಳ್ಳೂದು ಚಲೋ.

3/10
ನಮ್ಮ ದೊಡ್ಡಪ್ಪನ ಮಗಳು, ಅಂದ್ರ ನಮ್ಮಕ್ಕ, ಬೆಂಗಳೂರಾಗ ಕೆಲಸ ಮಾಡ್ತಾಳ. ಅಕ್ಕ, ಆಕಿ ಆಫೀಸಿನ ಮೂವರು, ಮತ್ತ ನಾನು. ಅಪ್ಪಗ ಹೇಳೇ ಹೋಗಿದ್ದೆ. "ಹೋಗಿ ನೋಡಿ ಬಾ, ಹೋದಂಗ ನೆಟ್ಟಗ ಬಾ" ಅಂದಿದ್ದ. ಇಂದಿರಾನಗರದಾಗ ಎರಡು ಕಡೆ, ಅಲ್ಲಿಂದ ಮೆಟ್ರೋ ಹತ್ತಿ ಎಂಜಿ ರೋಡ್ ಹತ್ರ ಒಂದು ಕಡೆ. ಗಾಡಿ ಯಾರೂ ತಂದಿರಲಿಲ್ಲ.

ಬೆಂಗಳೂರಿಗೆ 'ಪಬ್ ಸಿಟಿ' ಅನ್ನೋ ಹೆಸರು 1980ರ ದಶಕದ ಕೊನಿಯಿಂದ ಬಂದದ್ದು. ಆದ್ರ ಈಗ ಎಲ್ಲಾರೂ ಫೋಟೊ ಹಾಕೂ 'ಕ್ರಾಫ್ಟ್ ಬಿಯರ್' ಹೊಸಾದು. 2010-11ರ ಹೊತ್ತಿಗೆ ಇಂದಿರಾನಗರದ ಟಾಯಿಟ್, ವಿಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್ ಇಂಥವು ಶುರುವಾದವು. ಇವಕ್ಕ ಮೈಕ್ರೋಬ್ರೂವರಿ ಅಂತಾರ. ಬಿಯರನ್ನ ಅಲ್ಲೇ ಕುದಿಸಿ, ಅಲ್ಲೇ ಹುಳಿ ಬರಿಸಿ, ಅಲ್ಲೇ ಮಾರೂದು. ಗಾಜಿನ ಗೋಡಿ ಹಿಂದ ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕ್ ಕಾಣ್ತಾವ.

ಒಳಗ ಏನಿರತೈತಿ? ನೀರು, ಮೊಳಕಿ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಅನ್ನೋ ಬಳ್ಳಿ ಹೂ, ಮತ್ತ ಯೀಸ್ಟ್. ನಮ್ಮವ್ವ ರಾತ್ರಿ ಅಂಬಲಿ ಕಾಸಿ ಮುಚ್ಚಿಟ್ರ ಮುಂಜಾನಿ ಹುಳಿ ಬಂದಿರತೈತಲ್ಲ, ಆ ಶಾಸ್ತ್ರದ್ದ ಇನ್ನೊಂದು ಕವಲು ಇದು. ಅಂಬಲಿಗೆ ಒಂದು ರಾತ್ರಿ, ಇದಕ್ಕ ಎರಡು ವಾರ, ಲಾಗರ್ ಅನ್ನೋ ಜಾತಿಗೆ ಇನ್ನೂ ಹೆಚ್ಚು.

4/10
ಹೋದ ಕೂಡಲೇ ಮಗ್ ತಗೊಳ್ಳೂದಿಲ್ಲ. ಮೊದಲ 'ಸ್ಯಾಂಪ್ಲರ್' ಹೇಳ್ತಾರ. ಉದ್ದನ್ನ ಕಟಗಿ ಹಲಗಿ ಮ್ಯಾಲ ಐದು ಸಣ್ಣ ಗ್ಲಾಸು, ಒಂದೊಂದರಾಗ ಸುಮಾರು 100 ಮಿ.ಲೀ. ಒಂದ ಹಲಗಿ ನಾಲ್ಕು ಮಂದಿಗೆ. ಅಕ್ಕ ಒಂದೊಂದ ಗ್ಲಾಸು ನನ್ನ ಮೂಗಿನ ಹತ್ರ ಹಿಡದ್ಲು.

ಗೋಧಿ ಹಾಕಿ ಮಾಡಿದ್ದು ಬಾಳಿಹಣ್ಣಿನ ವಾಸನಿ ಹೊಡೀತಿತ್ತು. ಬಾಳಿಹಣ್ಣು ಹಾಕಿರಂಗಿಲ್ಲ, ಆ ವಾಸನಿ ಯೀಸ್ಟಿನಿಂದ ಬರತೈತಿ. ಬೆಲ್ಜಿಯಂ ಕಡೆಯ ಒಂದು ನಮೂನಿಗೆ ಕಿತ್ತಳಿ ಸಿಪ್ಪಿ, ಕೊತ್ತಂಬರಿ ಬೀಜ ಹಾಕ್ತಾರ. ಹೌದು, ನಮ್ಮ ಮಸಾಲಿ ಡಬ್ಬಿಯ ಕೊತ್ತಂಬರಿ ಬೀಜಾನ. ಸ್ಟೌಟ್ ಅನ್ನೋದು ಕಪ್ಪು, ಬಾರ್ಲಿಯನ್ನ ಕರ್ರಗ ಹುರದಿರೂದಕ್ಕ ಕಾಫಿ ಪುಡಿ ವಾಸನಿ. ಹಾಪ್ಸ್ ಹೆಚ್ಚು ಇದ್ದದ್ದು ಕುಡದು ಅಕ್ಕ ಬೇವಿನ ಕಷಾಯ ಕುಡದವರಂಗ ಮಾರಿ ಮಾಡಿದ್ಲು. ಆಮ್ಯಾಲ "ಇದೇ ಚಲೋ ಐತಿ" ಅಂದ್ಲು. ಅದು ನಂಗ ಇನ್ನೂ ತಿಳಿದಿಲ್ಲ.

ನಂಗ ಹಿಡಿಸಿದ್ದು ಬಿಯರ್ ಅಲ್ಲ, ಆ ಹಲಗಿ. ಯಾವುದು ಬೇಕು ಅಂತ ತೀರ್ಮಾನ ಮಾಡೂಕಿಂತ ಮೊದಲ ಎಲ್ಲಾ ರುಚಿ ನೋಡೂದು. ಹಂಚಿಕೊಂಡು ನೋಡೂದು. ಬ್ಯಾಡ ಅನಿಸಿದ್ದನ್ನ ಬಿಡೂದು. ನಾವು ಕಾಲೇಜ್ ಕೋರ್ಸ್ ಆಯ್ಕೆ ಮಾಡುವಾಗಲೂ ಯಾರೂ ನಮಗ ಇಂಥಾ ಹಲಗಿ ಕೊಡಲಿಲ್ಲ ನೋಡ್ರಿ.

5/10
ಈಗ ತಿನ್ನೂದು. ಮೆನುದಾಗ ಮೊದಲ ಪುಟದಾಗ 'ಪೀನಟ್ ಮಸಾಲಾ'. ಬಂದದ್ದು ಏನು? ಕುದಿಸಿದ ಶೇಂಗಾ, ಉಳ್ಳಾಗಡ್ಡಿ, ಟೊಮ್ಯಾಟೊ, ಹಸಿಮೆಣಸಿನಕಾಯಿ, ಮ್ಯಾಲ ಲಿಂಬಿಹಣ್ಣಿನ ರಸ. ನಮ್ಮೂರಾಗ ಶೇಂಗಾ ಸೀಸನ್ದಾಗ ಹೊಲದ ಬದುವಿನ ಮ್ಯಾಲ ಕೂತು ತಿನ್ನೂ ಸಾಮಾನು. ಅಲ್ಲಿ ಅದಕ್ಕ ಸಣ್ಣ ಬಟ್ಟಲ, ದೊಡ್ಡ ರೇಟು. ಕಬಾಬ್, ಘೀ ರೋಸ್ಟ್, ನಾಚೋಸ್ ಎಲ್ಲಾ ಬಂದುವು. ಘೀ ರೋಸ್ಟ್ ಖರೇನ ಚಲೋ ಇತ್ತು. ನಾಚೋಸ್ ಅಂದ್ರ ಮೆಕ್ಕಿಜೋಳದ ಹಪ್ಪಳ, ಅದಕ್ಕ ನಮ್ಮ ಕೆಂಪ ಚಟ್ನಿ ಇದ್ದಿದ್ರ ಇನ್ನೂ ಚಲೋ ಇರ್ತಿತ್ತು.

ಅಲ್ಲಿ ಯಾರೂ ಹಸಿದ ಹೊಟ್ಟಿಲೆ ಕುಡೀಲಿಲ್ಲ. ಇದು ಬರೀ ಶೋಕಿ ಅಲ್ಲ. ಮದ್ಯ ರಕ್ತಕ್ಕೆ ಸೇರುವುದು ಹೆಚ್ಚಾಗಿ ಸಣ್ಣ ಕರುಳಿನಲ್ಲಿ. ಹೊಟ್ಟೆಯಲ್ಲಿ ಅನ್ನ ಇದ್ದರೆ ಅದು ಅಲ್ಲಿಗೆ ನಿಧಾನವಾಗಿ ಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದವನಿಗೆ ಬೇಗ ಏರುವುದು ಇದಕ್ಕೇ.

ಇನ್ನ ಬಿಲ್. ತಿಂದದ್ದರ ಮೇಲೆ 5% ಜಿಎಸ್‌ಟಿ ಇತ್ತು. ಬಿಯರ್ ಮೇಲೆ ಜಿಎಸ್‌ಟಿ ಇರಲಿಲ್ಲ. ಯಾಕಂದ್ರ ಕುಡಿಯುವ ಮದ್ಯವನ್ನ ಸಂವಿಧಾನದಲ್ಲೇ ಜಿಎಸ್‌ಟಿಯಿಂದ ಹೊರಗಿಟ್ಟಿದ್ದಾರೆ. ಅದರ ತೆರಿಗೆ ರಾಜ್ಯದ ಕೈಯಾಗ, ಅಬಕಾರಿ ಸುಂಕದ ರೂಪದಾಗ. ಒಂದ ಟೇಬಲ್ಲು, ಎರಡು ತೆರಿಗಿ ಪದ್ಧತಿ. ಪರೀಕ್ಷಾದಾಗ ಈ ಪ್ರಶ್ನಿ ಬಂದ್ರ ನನ್ನ ನೆನಸ್ರಿ. ಇನ್ನೊಂದು: ಸರ್ವಿಸ್ ಚಾರ್ಜ್ ತೆರಿಗೆ ಅಲ್ಲ. ಅದನ್ನು ಬಿಲ್ಲಿಗೆ ತಾನಾಗಿಯೇ ಸೇರಿಸಬಾರದು ಎಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಬ್ಯಾಡ ಅಂತ ಹೇಳಾಕ ನಾಚಬ್ಯಾಡ್ರಿ.

6/10
ನಾಲ್ಕು ತಾಸು ಕೂತಿದ್ವಿ. ನಾನು ಕುಡದದ್ದು ಲೈಮ್ ಸೋಡಾ. ಆ ನಾಲ್ಕು ತಾಸಿನ್ಯಾಗ ಯಾರೂ "ಯಾಕ ಕುಡಿಯಂಗಿಲ್ಲ" ಅಂತ ಕೇಳಲಿಲ್ಲ. "ಒಂದ ಗುಟುಕು" ಅಂತ ಒತ್ತಾಯ ಮಾಡಲಿಲ್ಲ. ಒಬ್ಬ ಹುಡುಗಿ ಒಬ್ಬಾಕಿನ ಕೂತು ಪುಸ್ತಕ ಓದಾಕತ್ತಿದ್ಲು, ಯಾರೂ ಆಕಿ ಕಡೆ ಎರಡನೇ ಸಲ ನೋಡಲಿಲ್ಲ. ಒಂದು ಟೇಬಲ್ಲಿನ್ಯಾಗ ಅಜ್ಜಿ, ಮಗ, ಸೊಸಿ, ಮೊಮ್ಮಗಳು ಊಟಕ್ಕ ಬಂದಿದ್ರು.

ಮತ್ತ ಹೆಣ್ಣಮಕ್ಕಳ ಟಾಯ್ಲೆಟ್ಟು ಸ್ವಚ್ಛ ಇತ್ತು. ನಗಬ್ಯಾಡ್ರಿ. ಹುಡುಗರಿಗೆ ಇದು ಸಣ್ಣ ಮಾತು ಅನಿಸಬಹುದು. ನಮ್ಮ ಕಡೆ ಹುಡುಗೇರು ಸಂಜಿಮುಂದ ಹೊರಗ ಎಷ್ಟು ಹೊತ್ತು ಇರಬಹುದು ಅನ್ನೋದನ್ನ ಅರ್ಧಕ್ಕರ್ಧ ಇದೇ ತೀರ್ಮಾನ ಮಾಡ್ತೈತಿ.

ಆವಾಗ ನಂಗ ಹೊಳದದ್ದು: ಈ ಮಂದಿ ಅಷ್ಟ ರೊಕ್ಕ ಕೊಡೂದು ಬಿಯರಿಗೆ ಅಲ್ಲ. ಕೂಡೂ ಜಾಗಕ್ಕ. ಬೆಳಕು, ಖುರ್ಚಿ, ಟಾಯ್ಲೆಟ್ಟು, ಎದ್ದೇಳು ಅಂತ ಯಾರೂ ಅನ್ನದ ನಾಲ್ಕು ತಾಸು. ಬಿಯರ್ ಆ ಜಾಗದ ಬಾಡಿಗಿ ಇದ್ದಂಗ.

7/10
ಈಗ ನಮ್ಮೂರಿಗೆ ಬರ್ರಿ. ಊರಾಗ ಕುಡಿಯವರು ಇಲ್ಲೇನು? ಅದಾರ. ಆದ್ರ ಹೆಂಗ ಕುಡೀತಾರ ನೋಡ್ರಿ. ವೈನ್ ಶಾಪ್ ಅಂತ ನಾವು ಅನ್ನೋದು ಸಿಎಲ್-2 ಲೈಸೆನ್ಸಿನ ಅಂಗಡಿ. ಅಲ್ಲಿ ಮಾರಬಹುದು, ಕೂತು ಕುಡಿಯಲು ಬಿಡುವಂತಿಲ್ಲ. ಬಾರಿನ್ಯಾಗ ಕೂತ್ರ ಖರ್ಚು ಹೆಚ್ಚು, ಮ್ಯಾಲ ಪರಿಚಯದವರು ನೋಡ್ತಾರ ಅನ್ನೋ ಅಂಜಿಕಿ. ಅದಕ್ಕ ಅಂಗಡ್ಯಾಗ ತಗೊಂಡು ಹೊಲದ ಬದುವು, ಕಟ್ಟದ ಬಿಟ್ಟ ಮನಿ, ಹೈವೇ ಮಗ್ಗಲು. ನೀರಿನ ಪಾಕೀಟು, ಪ್ಲಾಸ್ಟಿಕ್ ಗ್ಲಾಸು, ಐದು ನಿಮಿಷ. ತಿನ್ನಾಕ ಏನೂ ಇರಂಗಿಲ್ಲ. ಆಮ್ಯಾಲ ಬೈಕ್ ಹತ್ತೂದು.

ಲೆಕ್ಕ ಹಾಕೂಣು. ವಿಸ್ಕಿ, ರಮ್, ಬ್ರ್ಯಾಂಡಿ ಬಾಟ್ಲಿ ಮ್ಯಾಲ ಸಾಮಾನ್ಯವಾಗಿ 42.8% ಅಂತ ಬರದಿರತೈತಿ. ಒಂದು ಕ್ವಾರ್ಟರ್ 180 ಮಿ.ಲೀ. ಅದರಾಗ ಶುದ್ಧ ಮದ್ಯಸಾರ 77 ಮಿ.ಲೀ. 5% ಬಿಯರಿನ ಅರ್ಧ ಲೀಟರ್ ಮಗ್ಗಿನ್ಯಾಗ 25 ಮಿ.ಲೀ. ಅಂದ್ರ ಒಂದು ಕ್ವಾರ್ಟರ್ ಮೂರು ಮಗ್ಗಿಗೆ ಸಮ.

ಆ ಸಂಜಿ ಅಕ್ಕನ ಗುಂಪಿನವರು ಮೂರು ಹಲಗಿ, ಒಟ್ಟು ಒಂದೂವರೆ ಲೀಟರ್, ನಾಲ್ಕು ಮಂದಿ ಹಂಚಿಕೊಂಡ್ರು. ತಲಿಗೆ 375 ಮಿ.ಲೀ. 5%ರ ಲೆಕ್ಕದಾಗ ಮದ್ಯಸಾರ 19 ಮಿ.ಲೀ. ಕೊನಿಗೆ ಇಬ್ಬರು ಒಂದೊಂದು ಮಗ್ ತಗೊಂಡ್ರು, ಅವರದು 44. ನಾಲ್ಕು ತಾಸಿನ್ಯಾಗ, ಹೊಟ್ಟಿತುಂಬ ತಿಂದು. ಇಲ್ಲಿ ಐದು ನಿಮಿಷದಾಗ, ಹಸಿದ ಹೊಟ್ಟಿಲೆ 77. ನಾವು 'ಬೆಂಗಳೂರಿನವರು ಕೆಟ್ಟರು' ಅಂತೀವಿ. ಲೆಕ್ಕ ಬ್ಯಾರೆ ಹೇಳತೈತಿ.

8/10
"ಹಂಗಾದ್ರ ಬಂದ್ ಮಾಡಿಬಿಡ್ಲಿ" ಅಂತೀರಿ. ಆ ಮಾತು ಹೇಳೂ ಹಕ್ಕು ಯಾರಿಗಾದ್ರೂ ಇದ್ರ ಅದು ಹೆಣ್ಣಮಕ್ಕಳಿಗೆ. 2019ರ ಜನವರಿಯಲ್ಲಿ ರಾಯಚೂರು ಮತ್ತು ಉತ್ತರ ಕರ್ನಾಟಕದ ಬೇರೆ ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ, ಸುಮಾರು 200 ಕಿ.ಮೀ. ನಡೆದುಕೊಂಡು ಹೋದರು. ಶನಿವಾರದ ಕೂಲಿ ಮನಿ ಮುಟ್ಟದ ಓಣಿಯಾಗ ಇದ್ದವರಿಗೆ ಆ ನಡಿಗಿ ಯಾಕ ಅಂತ ಬಿಡಿಸಿ ಹೇಳೂದು ಬೇಕಾಗಿಲ್ಲ. ನಮ್ಮ ಓಣಿಯಾಗೂ ಅಂಥಾ ಮನಿ ಅದಾವ, ನಿಮ್ಮ ಓಣಿಯಾಗೂ ಅದಾವ.

ಆದ್ರ ಇತಿಹಾಸ ನೋಡಿದ್ರ, ಬರೀ ಬಂದ್ ಮಾಡಿದ್ದರಿಂದ ಕುಡಿತ ಬಿಟ್ಟು ಹೋಗಿಲ್ಲ. 1956ರ ಮೊದಲ ನಮ್ಮ ಭಾಗ ಮುಂಬಯಿ ರಾಜ್ಯದಾಗಿತ್ತು. ಅಲ್ಲಿ 1949ರಲ್ಲೇ ಪಾನನಿಷೇಧ ಕಾಯ್ದೆ ಬಂದಿತ್ತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಪಾಕೀಟಿನ ಸಾರಾಯಿ ಹೋಗಿ ಅಗ್ಗದ ವಿಸ್ಕಿ ಪಾಕೀಟು ಬಂತು. ಕುಡಿಯವನ ಕೈಯಾಗಿನ ಸಾಮಾನು ಬದಲಾತು, ಅವನ ಸಂಜಿ ಬದಲಾಗಲಿಲ್ಲ.

ಸರ್ಕಾರದ ಕಡೆ ನೋಡಿದ್ರ ಇನ್ನೂ ಮಜಾ. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸು ಎನ್ನುತ್ತದೆ. 2025-26ರ ರಾಜ್ಯ ಬಜೆಟ್ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಎನ್ನುತ್ತದೆ. ನಾವು ಅಕೌಂಟ್ಸ್ ಬರಿಯೂ 'ಲೇಖಕ್' ನೋಟ್‌ಬುಕ್ ಐತಲ್ಲ, ಅದನ್ನ ಮಾರೂದು ಎಂಎಸ್‌ಐಎಲ್. ಎಂಎಸ್‌ಐಎಲ್ ಮದ್ಯದಂಗಡಿಯೂ ಅದೇ ಸರ್ಕಾರಿ ಕಂಪನಿದು. ಮಗನ ನೋಟ್‌ಬುಕ್ಕು, ಅಪ್ಪನ ಕ್ವಾರ್ಟರು, ಒಂದ ಬ್ಯಾಲೆನ್ಸ್ ಶೀಟು.

9/10
ಇಷ್ಟು ಓದಿ ಪಬ್ಬೇ ಸ್ವರ್ಗ ಅಂತ ತಿಳ್ಕೊಬ್ಯಾಡ್ರಿ. ಪಬ್ಬಿನ್ಯಾಗ ಕುಡದ್ರ ಅದೇನು ಔಷಧ ಆಗಂಗಿಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮೂರನೇ ಜಾಗದಾಗ ಮಗ್ಗಲ ಟೇಬಲ್ಲಿನ ಹುಡುಗನ್ನ ಇಬ್ಬರು ಹೆಗಲು ಕೊಟ್ಟು ಎಬ್ಬಿಸಿ ಒಯ್ದ್ರು. ಅವನ ಸ್ಟೋರ್ಯಾಗ ಅದು ಬಂದಿರಂಗಿಲ್ಲ, ಹಲಗಿ ಮ್ಯಾಲಿನ ಐದು ಗ್ಲಾಸು ಬಂದಿರತಾವ. ಒಂದು ಮಗ್ಗಿನ ರೊಕ್ಕದಾಗ ನಮ್ಮೂರ ಖಾನಾವಳ್ಯಾಗ ಮೂರು ಮಂದಿ ಹೊಟ್ಟಿತುಂಬ ಉಣ್ಣಬಹುದು. ಅಂದ್ರ ಆ ಚಂದದ ಟೇಬಲ್ಲು ರೊಕ್ಕ ಇದ್ದವರಿಗೆ ಮಾತ್ರ. ಕುಡದು ಗಾಡಿ ಹೊಡದು ಸಿಕ್ಕರಂತೂ ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ ಜೈಲು. ಅದು ಇಂದಿರಾನಗರಕ್ಕೂ ಒಂದ, ಹುನಗುಂದಕ್ಕೂ ಒಂದ.

ಇನ್ನ "ಗಂಡು-ಹೆಣ್ಣು ಒಂದ ಟೇಬಲ್ಲಿಗೆ ಕೂಡೂದು ನಮ್ಮ ಸಂಸ್ಕೃತಿ ಅಲ್ಲ" ಅನ್ನೋ ಕಾಕಾಗೋಳಿಗೆ ಒಂದು ಮಾತು. ಕಾಕಾ, ಕೂಡಲಸಂಗಮ ನಮ್ಮ ತಾಲೂಕಿನ್ಯಾಗ ಐತಿ. ಹನ್ನೆರಡನೇ ಶತಮಾನದಾಗ ಶರಣರು, ಶರಣೆಯರು ಒಂದ ಕಡೆ ಕೂತು ವಾದ ಮಾಡಿದ ಅನುಭವ ಮಂಟಪದ ಹೆಸರು ನೀವ ನಮಗ ಹೇಳಿಕೊಟ್ಟದ್ದು. ಆ ಶರಣರ ಸಾಲಿನ್ಯಾಗ ಹೆಂಡದ ಮಾರಯ್ಯ ಅನ್ನೋ ವಚನಕಾರನೂ ಇದ್ದ. ಹೆಂಡ ಮಾರೂದು ಅವನ ಕಾಯಕ. ಅವನನ್ನ ಬಾಗಲ ಹೊರಗ ನಿಲ್ಲಿಸಲಿಲ್ಲ, ಒಳಗ ಕರದು ಕೂಡ್ರಿಸಿದ್ರು, ಮಾತಾಡಿಸಿದ್ರು. ಕೂಡ್ರಿಸಿ ಮಾತಾಡೂದು ನಮ್ಮ ಮಣ್ಣಿನ ಗುಣ. ಓಡಿಸೂದು, ಮುಚ್ಚಿಡೂದು ನಾವು ಆಮ್ಯಾಲ ಕಲ್ತದ್ದು.

10/10
ಹಂಗಾದ್ರ ನನ್ನ ವಾದ ಏನು? ಸಂಜಿ ಆರಕ್ಕ ನಮ್ಮೂರಾಗ ಗಂಡಸಿಗೆ ಕಟ್ಟಿ ಐತಿ, ಚಾದಂಗಡಿ ಐತಿ, ಬಾರ್ ಐತಿ. ಹುಡುಗೇರಿಗೆ ಮನಿ ಐತಿ, ಗುಡಿ ಐತಿ, ಮುಗೀತು. ಕುಡಿಯದ ಹುಡುಗಗ ದೋಸ್ತರ ಜೋಡಿ ಕೂಡಾಕ ಜಾಗ ಬೇಕಂದ್ರ ಕುಡಿಯವರ ಮಗ್ಗಲಕ್ಕ ಹೋಗಬೇಕು. ಎಷ್ಟೋ ಹುಡುಗರ ಮೊದಲ ಗ್ಲಾಸು ಆಸೆಯಿಂದ ಅಲ್ಲ, ಬ್ಯಾರೆ ಜಾಗ ಇಲ್ಲದ್ದಕ್ಕ ಶುರುವಾಗತೈತಿ. ಇದು ನನ್ನ ಅಭಿಪ್ರಾಯ. ತಪ್ಪು ಅನಿಸಿದ್ರ ವಾದ ಮಾಡ್ರಿ.

ಪಬ್ಬಿನಿಂದ ಆ ಟೇಬಲ್ ಒಂದನ್ನ ತರೂಣು, ಟ್ಯಾಂಕ್ ಅಲ್ಲೇ ಇರಲಿ. ಹೊಸ ಕಟ್ಟಡ ಏನೂ ಬ್ಯಾಡ. ನಮ್ಮ ಖಾನಾವಳಿಗೋಳು ಮಧ್ಯಾಹ್ನದ ಊಟ ಮುಗದಮ್ಯಾಲ ರಾತ್ರಿ ಊಟದ ತನಕ ಖಾಲಿ ಇರತಾವ. ಬಾಡಿಗಿ, ಖುರ್ಚಿ, ಒಲಿ ಖರ್ಚು ಆಗಲೇ ಹೋಗಿರತೈತಿ. ಕಾಸ್ಟಿಂಗ್ ಓದಿದವರಿಗೆ ಗೊತ್ತು, ಇದು ಸುಮ್ಮನ ಕೂತ ಸಾಮರ್ಥ್ಯ. ಆ ಹೊತ್ತಿನ್ಯಾಗ ಒಂದು ಹಲಗಿ ಕೊಡ್ರಿ. ಐದು ಸಣ್ಣ ಗ್ಲಾಸು: ಮಸಾಲಿ ಮಜ್ಜಿಗಿ, ಜೋಳದ ಅಂಬಲಿ, ಕಬ್ಬಿನ ಹಾಲು, ದಾಳಿಂಬ್ರಿ ರಸ, ಬೆಲ್ಲದ ಪಾನಕ. ಐದು ಸಣ್ಣ ಬಟ್ಟಲ: ಗಿರ್ಮಿಟ್, ಮಿರ್ಚಿ, ಸೂಸ್ಲಾ, ಶೇಂಗಾ ಮಸಾಲಿ, ಕೊನಿಗೆ ಅಮೀನಗಡದ ಕರದಂಟಿನ ತುಣುಕು.

ನನ್ನ ಅಂದಾಜು ಹೇಳ್ತೀನಿ. ಇಬ್ಬರಿಗೆ ಒಂದು ಹಲಗಿ, 100 ರೂಪಾಯಿ. ಸಾಮಾನಿನ ಖರ್ಚು 55. ಉಳಿಯೂದು 45. ಆ ಹೊತ್ತಿಗೆ ಒಬ್ಬ ಹೆಚ್ಚಿನ ಆಳು, ಕರೆಂಟು, ಟಾಯ್ಲೆಟ್ಟು ತೊಳಿಯೂ ಖರ್ಚು ಸೇರಿ ದಿನಕ್ಕ 600 ಇಟ್ಕೊಳ್ರಿ. 600ನ್ನ 45ರಿಂದ ಭಾಗಿಸ್ರಿ. 14 ಹಲಗಿ ಹೋದ್ರ ಖಾನಾವಳಿಯವರಿಗೆ ನಷ್ಟ ಇಲ್ಲ.

ಮತ್ತ ಮೂರು ಶರತ್ತು. ಹೆಣ್ಣಮಕ್ಕಳ ಟಾಯ್ಲೆಟ್ಟು ಸ್ವಚ್ಛ ಇರಬೇಕು. ಹೊರಗ ದೀಪ ಇರಬೇಕು. ಗ್ಲಾಸು ಖಾಲಿ ಆತಂತ ಯಾರನ್ನೂ ಎಬ್ಬಿಸಬಾರದು.

ಒಬ್ಬರು ಖಾನಾವಳಿ ಕಾಕಾನ ಹತ್ರ ನಾನು, ನನ್ನ ಗೆಳತಿ ಮಾತಾಡಾಕ ಹೋಗೋರದೀವಿ. ಬರೀ ಕೈಲೆ ಹೋದ್ರ "ಯಾರು ಬರ್ತಾರವ್ವಾ" ಅಂತಾರ. ಅದಕ್ಕ ಲೈಕ್ ಬ್ಯಾಡ. ಹದಿನಾಲ್ಕು ಜೋಡಿ ಹೆಸರು ಬೇಕು. ವಾರದಾಗ ಒಂದು ಸಂಜಿ ಖರೇನ ಬರೂ ಮಂದಿ, ಯಾರ ಜೋಡಿ ಬರ್ತೀರಿ ಅಂತ ಕೆಳಗ ಬರೀರಿ. ಮೊದಲನೇ ಜೋಡಿ ನಾವಿಬ್ಬರು. ಇನ್ನ ಹದಿಮೂರು.

#ಹುನಗುಂದ #ಇಳಕಲ್ #ಬಾಗಲಕೋಟೆ #ಸಂಜಿಟೇಬಲ್ #ಬಿಕಾಂಲೆಕ್ಕ